ನೂಲು ನೀರು ಕುಡಿಯುವ ಲೆಕ್ಕ

ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತ, ಸೀರೆ ನೇಯುತ್ತ ಬಂದ ಹಿರಿಯರು ಒಬ್ಬರು. ಬೆಂಗಳೂರಿನಲ್ಲಿ ಸಿನಿಮಾಗಳಿಗೆ ಕಂಪ್ಯೂಟರ್ ಗ್ರಾಫಿಕ್ಸ್ ಮಾಡುವ, ಅವರ ತಮ್ಮನ ಮಗಳು ಇನ್ನೊಬ್ಬಳು. ಇಬ್ಬರೂ ಮಗ್ಗದ ಮನೆಯಲ್ಲಿ ಕೂತು ಆಡಿದ ಮಾತು ಇದು.

ದೊಡ್ಡಪ್ಪ: ನೀನು ಫೋನಲ್ಲಿ ತೋರಿಸಿದ ಮಳೆ ದೃಶ್ಯ ನೋಡಿದೆ ಕಣಮ್ಮ. ಹುಡುಗಿ ಉಟ್ಟಿರೋದು ರೇಷ್ಮೆ ಸೀರೆ ಅಂದೆ. ಮಳೆ ಚೆನ್ನಾಗಿದೆ, ಕೆನ್ನೆ ಮೇಲಿನ ಹನಿ ಚೆನ್ನಾಗಿದೆ. ಸೀರೆ ಮಾತ್ರ ರೇಷ್ಮೆದಲ್ಲ.

ಮಗಳು: ಹೇಗೆ ಗೊತ್ತಾಯ್ತು ದೊಡ್ಡಪ್ಪ? ಹೊಳಪು ಸರಿಯಾಗಿ ಬಂದಿದೆ ಅಂತ ನಮ್ಮಲ್ಲಿ ಎಲ್ಲರೂ ಒಪ್ಪಿದ್ದರು.

ದೊಡ್ಡಪ್ಪ: ಹೊಳಪಿನ ಬಗ್ಗೆ ನನ್ನ ತಕರಾರಿಲ್ಲ. ಒದ್ದೆಯಾದ ಬಗೆ ಸರಿಯಿಲ್ಲ. ಇಡೀ ಸೆರಗು ಒಂದೇ ಸಮನೆ ಕಪ್ಪಾಗ್ತಾ ಹೋಯ್ತು. ಹನಿ ಬಿದ್ದಲ್ಲಿಂದ ನೀರು ಎಳೆ ಹಿಡಿದು ಓಡಬೇಕು. ಹಾಸಿನ ಉದ್ದಕ್ಕೆ ಒಂದು ವೇಗ, ಹೊಕ್ಕಿನ ಕಡೆಗೆ ಇನ್ನೊಂದು ವೇಗ. ಜರಿ ಅಂಚಿಗೆ ಬಂದಾಗ ಅದರ ನಡೆಯೇ ಬದಲಾಗಬೇಕು. ಅದ್ಯಾವುದೂ ಅಲ್ಲಿ ಕಾಣಲಿಲ್ಲ.

ಮಗಳು: ಕಾಣೋಕೆ ಸಾಧ್ಯವೂ ಇರಲಿಲ್ಲ. ಅಲ್ಲಿ ನೀರು ಹೀರುವ ಲೆಕ್ಕವನ್ನೇ ಹಾಕಿಲ್ಲ. ಒಣಗಿದ ಸೀರೆಯ ಚಿತ್ರ ಒಂದು, ನೆಂದ ಸೀರೆಯ ಚಿತ್ರ ಒಂದು ಇಟ್ಟುಕೊಂಡು, ಒಂದನ್ನು ಇನ್ನೊಂದರೊಳಕ್ಕೆ ನಿಧಾನವಾಗಿ ಕರಗಿಸ್ತೀವಿ. ದೂರದ ದೃಶ್ಯಕ್ಕೆ ಅದು ನಡೆಯುತ್ತೆ. ಹತ್ತಿರದಿಂದ ನೋಡುವವರಿಗೆ ಸಾಲದು. ನೂಲು ಗೊತ್ತಿರುವವರಿಗಂತೂ ಸಾಲದೇ ಸಾಲದು.

ದೊಡ್ಡಪ್ಪ: ಹಾಗಾದರೆ ನಿಜವಾದ ಲೆಕ್ಕ ಅಂತ ಒಂದು ಇದೆಯಾ?

ಮಗಳು: ಇದೆ. ಇಪ್ಪತ್ತು ಮೂವತ್ತು ವರ್ಷದಿಂದ ಜನ ಅದಕ್ಕಾಗಿ ದುಡಿದಿದ್ದಾರೆ. ಎರಡು ಬೇರೆ ಬೇರೆ ಪ್ರಶ್ನೆ ಅದರಲ್ಲಿ ಸೇರಿಕೊಂಡಿವೆ. ನೆಂದದ್ದು ಕಣ್ಣಿಗೆ ಯಾಕೆ ಕಪ್ಪಾಗಿ ಕಾಣುತ್ತೆ ಅನ್ನೋದು ಒಂದು. ನೀರು ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿನಲ್ಲಿ ಹೋಗುತ್ತೆ ಅನ್ನೋದು ಇನ್ನೊಂದು.

ದೊಡ್ಡಪ್ಪ: ಮೊದಲನೆಯದು ಬಣ್ಣದವರಿಗೆ ದಿನಾ ಎದುರಾಗೋ ಪ್ರಶ್ನೆ. ಪಾತ್ರೆಯಿಂದ ಎತ್ತಿದ ಲಡಿ ಗಾಢವಾಗಿ ಕಾಣುತ್ತೆ, ಒಣಗಿದ ಮೇಲೆ ತಿಳಿಯಾಗುತ್ತೆ. ಅದಕ್ಕೇ ಎರಡೆಳೆ ಕಿತ್ತು, ಹಿಂಡಿ, ಒಣಗಿಸಿ ನೋಡದೆ ಬಣ್ಣ ಬಂತು ಅಂತ ಯಾರೂ ಹೇಳೋದಿಲ್ಲ. ಯಾಕೆ ಹಾಗೆ?

ಮಗಳು: ಬೆಳಕಿನಿಂದ. ಗಾಳಿಯಿಂದ ರೇಷ್ಮೆ ಎಳೆಯೊಳಗೆ ಹೋಗುವಾಗ ಬೆಳಕು ಜೋರಾಗಿ ಬಾಗುತ್ತೆ, ಹಾಗಾಗಿ ಸಾಕಷ್ಟು ಬೆಳಕು ಮೇಲಿಂದಲೇ ಚದುರಿ ವಾಪಸ್ ಬರುತ್ತೆ. ಬೆಳಕು ಬಾಗುವ ಪ್ರಮಾಣಕ್ಕೆ ಒಂದು ಸಂಖ್ಯೆ ಇದೆ. ಗಾಳಿಗೆ 1, ನೀರಿಗೆ 1.33, ರೇಷ್ಮೆಗೆ ಸುಮಾರು 1.55. ಎಳೆಗಳ ನಡುವಿನ ಸಂದಿಯಲ್ಲಿ ಗಾಳಿ ಹೋಗಿ ನೀರು ತುಂಬಿದರೆ ಈ ಅಂತರ ಕಡಿಮೆಯಾಗುತ್ತೆ. ಬೆಳಕು ಅಷ್ಟಾಗಿ ಚದುರದೆ ಒಳಕ್ಕೆ ಇಳಿಯುತ್ತೆ. ಒಳಗೆ ಹೋದಷ್ಟೂ ಬಣ್ಣ ಅದನ್ನು ನುಂಗುತ್ತೆ. ಒದ್ದೆ ನೆಲ ಯಾಕೆ ಕಪ್ಪು ಅಂತ ಸ್ವೀಡನ್ನಿನ ಆಂಗ್‌ಸ್ಟ್ರಾಮ್ 1925ರಲ್ಲೇ ವಿವರಣೆ ಕೊಟ್ಟಿದ್ದ. 1999ರಲ್ಲಿ ಯೆನ್ಸೆನ್, ಲೆಗಾಕಿಸ್, ಡಾರ್ಸಿ ಅನ್ನುವ ಮೂವರು ಅದನ್ನು ಗ್ರಾಫಿಕ್ಸಿಗೆ ತಂದರು. ಮೇಲೆ ನಿಂತ ನೀರಿನ ಪದರ ಬೇರೆ, ಒಳಗೆ ಹೊಕ್ಕ ನೀರು ಬೇರೆ, ಎರಡಕ್ಕೂ ಬೇರೆ ಬೇರೆ ಲೆಕ್ಕ ಬೇಕು ಅಂತ ತೋರಿಸಿದರು.

ದೊಡ್ಡಪ್ಪ: ಅಂದರೆ ಬಣ್ಣ ಹೆಚ್ಚಾಗಿರೋದಿಲ್ಲ, ವಾಪಸ್ ಬರೋ ಬೆಳಕು ಕಡಿಮೆಯಾಗಿರುತ್ತೆ. ಇದು ಸರಿ ಅನ್ನಿಸ್ತು. ಈಗ ನೀರಿನ ಓಟ ಹೇಳು.

ಮಗಳು: ಅದನ್ನು ನೀವು ಹೇಳಿ. ಲಡಿಯ ತುದಿ ಮಾತ್ರ ನೀರಿಗೆ ತಾಗಿದರೆ ನೀರು ಮೇಲಕ್ಕೆ ಹತ್ತುತ್ತಲ್ಲ, ಹೇಗೆ ಹತ್ತುತ್ತೆ?

ದೊಡ್ಡಪ್ಪ: ಮೊದಲು ಸರಸರ ಏರುತ್ತೆ. ಆಮೇಲೆ ನಿಧಾನ. ಒಂದು ಎತ್ತರಕ್ಕೆ ಹೋದ ಮೇಲೆ ಏರುತ್ತಿದೆಯೋ ನಿಂತಿದೆಯೋ ಗೊತ್ತಾಗಲ್ಲ. ಹುರಿ ಬಿಗಿಯಾಗಿದ್ದರೆ ಇನ್ನೂ ತಡ. ಬೇಯಿಸದ ಕಚ್ಚಾ ನೂಲಾದರೆ ಅದರ ದಾರಿಯೇ ಬೇರೆ.

ಮಗಳು: ಇಷ್ಟರಲ್ಲಿ ಅರ್ಧ ಶಾಸ್ತ್ರ ಬಂತು. 1918ರಲ್ಲಿ ಲ್ಯೂಕಾಸ್, 1921ರಲ್ಲಿ ವಾಶ್‌ಬರ್ನ್ ಇದನ್ನೇ ಸೂತ್ರಕ್ಕೆ ಇಳಿಸಿದರು. ನೀರು ನಡೆದ ದೂರ ಸಮಯದ ವರ್ಗಮೂಲದಂತೆ ಬೆಳೆಯುತ್ತೆ. ಒಂದು ಅಂಗುಲಕ್ಕೆ ಒಂದು ನಿಮಿಷ ಹಿಡಿದರೆ ಎರಡು ಅಂಗುಲಕ್ಕೆ ನಾಲ್ಕು ನಿಮಿಷ, ಮೂರಕ್ಕೆ ಒಂಬತ್ತು. ಸಂದಿ ಎಳೆಯುವ ಬಲ ಮುಂದೂ ಅಷ್ಟೇ ಇರುತ್ತೆ, ಆದರೆ ಹಿಂದೆ ಎಳೆದುಕೊಂಡು ಹೋಗಬೇಕಾದ ನೀರಿನ ಉದ್ದ, ಅದರ ತಿಕ್ಕಾಟ ಹೆಚ್ಚುತ್ತಾ ಹೋಗುತ್ತೆ. ಅದಕ್ಕೇ ನಿಧಾನ.

ದೊಡ್ಡಪ್ಪ: ಕೊನೆಗೆ ನಿಲ್ಲೋದು?

ಮಗಳು: ಏರಿದ ನೀರಿನ ತೂಕ ಆ ಎಳೆತಕ್ಕೆ ಸಮ ಆದಾಗ. ಅದಕ್ಕೂ ಸರಳ ಲೆಕ್ಕ ಇದೆ. ಚೆನ್ನಾಗಿ ಒದ್ದೆಯಾಗುವ ಗಾಜಿನ ಕೊಳವೆಯ ತ್ರಿಜ್ಯ ಒಂದು ಮಿಲಿಮೀಟರ್ ಇದ್ದರೆ ನೀರು ಏರೋದು ಸುಮಾರು ಒಂದೂವರೆ ಸೆಂಟಿಮೀಟರ್. ತ್ರಿಜ್ಯ ಹತ್ತನೇ ಒಂದು ಪಾಲಾದರೆ ಎತ್ತರ ಹತ್ತು ಪಟ್ಟು, ಹದಿನೈದು ಸೆಂಟಿಮೀಟರ್. ರೇಷ್ಮೆಯ ಒಂಟಿ ಎಳೆ ದಪ್ಪದಲ್ಲಿ ಸುಮಾರು ಮಿಲಿಮೀಟರಿನ ನೂರನೇ ಒಂದು ಪಾಲು. ಅಂಥ ಎಷ್ಟೋ ಎಳೆ ಸೇರಿ ಒಂದು ನೂಲು. ಆ ಎಳೆಗಳ ನಡುವಿನ ಸಂದಿ ಅಷ್ಟೇ ಸಣ್ಣದು. ಇಲ್ಲೊಂದು ಮುಖ್ಯವಾದ ಮಾತಿದೆ ದೊಡ್ಡಪ್ಪ. ದೊಡ್ಡ ಸಂದಿಯಲ್ಲಿ ನೀರು ಬೇಗ ಓಡುತ್ತೆ, ಆದರೆ ಹೆಚ್ಚು ಎತ್ತರಕ್ಕೆ ಏರಲ್ಲ. ಸಣ್ಣ ಸಂದಿಯಲ್ಲಿ ನಿಧಾನ, ಆದರೆ ಎಳೆತ ಜೋರು.

ದೊಡ್ಡಪ್ಪ: ಅದಕ್ಕೇ ಹಿಂಡಿದ ಸೀರೆಯಲ್ಲಿ ನೂಲಿನ ನಡುವಿನ ತೂತು ಖಾಲಿಯಾದರೂ ನೂಲು ತೇವವಾಗೇ ಇರುತ್ತೆ.

ಮಗಳು: ಹೌದು, ದೊಡ್ಡ ತೂತಿನ ನೀರನ್ನು ಸಣ್ಣ ಸಂದಿ ಕಿತ್ತುಕೊಳ್ಳುತ್ತೆ. ಒಂದೇ ಬಟ್ಟೆಯೊಳಗೆ ಎರಡು ಬಗೆಯ ಖಾಲಿ ಜಾಗ: ನೂಲಿನೊಳಗಿನದು, ನೂಲು ನೂಲಿನ ನಡುವಿನದು. ಎರಡನ್ನೂ ಒಂದೇ ಅಂತ ಬರೆದ ಪ್ರೋಗ್ರಾಮು ಇಲ್ಲೇ ಸೋಲುತ್ತೆ.

ದೊಡ್ಡಪ್ಪ: ಸೀರೆ ಒಂದಕ್ಕೆ ಎಳೆ ಎಳೆಯ ಲೆಕ್ಕ ಹಾಕೋಕಾಗುತ್ತಾ?

ಮಗಳು: ಕೂಡಿಸಿ ನೋಡಿ. ಅಂಗುಲಕ್ಕೆ ನೂರು ನೂಲು ಅಂತ ಇಟ್ಟುಕೊಳ್ಳಿ. ಪನ್ನ 46 ಅಂಗುಲ, ಅಂದರೆ ಹಾಸಿನಲ್ಲಿ 4,600 ನೂಲು. ಐದೂವರೆ ಮೀಟರ್ ಸೀರೆಯ ಉದ್ದಕ್ಕೆ ಹೊಕ್ಕು ಇಪ್ಪತ್ತೊಂದು ಸಾವಿರದ ಮೇಲೆ. ಹಾಸು ಹೊಕ್ಕು ಒಂದರ ಮೇಲೊಂದು ಹಾಯುವ ಜಾಗ ಸುಮಾರು 10 ಕೋಟಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಸಾಲದ್ದಕ್ಕೆ, ಲೆಕ್ಕಕ್ಕಾಗಿ ಬಟ್ಟೆಯನ್ನು ಭಾಗ ಮಾಡಿದ ಚೌಕವನ್ನು ಅರ್ಧಕ್ಕೆ ಇಳಿಸಿದರೆ, ಸರಳ ವಿಧಾನದಲ್ಲಿ, ಸಮಯದ ಹೆಜ್ಜೆಯನ್ನು ಕಾಲು ಭಾಗಕ್ಕೆ ಇಳಿಸಬೇಕು. ಇಲ್ಲದಿದ್ದರೆ ಸಂಖ್ಯೆಗಳು ಹಿಡಿತ ತಪ್ಪಿ ಉಬ್ಬಿಬಿಡುತ್ತವೆ. ಆದ್ದರಿಂದ ಎಲ್ಲವನ್ನೂ ಲೆಕ್ಕ ಹಾಕೋದಿಲ್ಲ. ಏನನ್ನು ಬಿಡಬೇಕು, ಏನನ್ನು ಬಿಡಬಾರದು ಅನ್ನೋದೇ ನಮ್ಮ ವಿದ್ಯೆ.

ದೊಡ್ಡಪ್ಪ: ಏನನ್ನು ಬಿಟ್ಟಿದ್ದಾರೆ?

ಮಗಳು: ಒಂದೊಂದು ಸಂದಿಯ ಆಕಾರವನ್ನು. ಅದಕ್ಕೆ ದಾರಿ ಹಾಕಿಕೊಟ್ಟವನು ಫ್ರಾನ್ಸಿನ ದಿಜಾನ್ ಊರಿಗೆ ಕುಡಿಯುವ ನೀರು ತಂದ ಎಂಜಿನಿಯರ್ ಆನ್ರಿ ದಾರ್ಸಿ. ಮರಳು ತುಂಬಿದ ಕೊಳವೆಯಲ್ಲಿ ನೀರು ಬಿಟ್ಟು ಅಳೆದು 1856ರಲ್ಲಿ ಒಂದು ನಿಯಮ ಕೊಟ್ಟ. ಹರಿವು ಒತ್ತಡದ ಇಳಿಜಾರಿಗೆ ತಕ್ಕಷ್ಟು, ಆ ವಸ್ತು ಎಷ್ಟು ದಾರಿ ಬಿಡುತ್ತೋ ಅದಕ್ಕೆ ತಕ್ಕಷ್ಟು. ಮರಳಿನ ಒಂದೊಂದು ಕಣವನ್ನೂ ನೋಡುವ ಅಗತ್ಯ ಅಲ್ಲಿಲ್ಲ. ಒಂದು ಹಿಡಿ ಜಾಗದಲ್ಲಿ ಖಾಲಿ ಎಷ್ಟು, ಆ ಖಾಲಿಯಲ್ಲಿ ನೀರು ಎಷ್ಟು ತುಂಬಿದೆ, ದಾರಿ ಎಷ್ಟು ಸಲೀಸು ಅನ್ನುವ ಮೂರು ಸಂಖ್ಯೆ ಸಾಕು.

ದೊಡ್ಡಪ್ಪ: ಕುಡಿಯೋ ನೀರಿನ ನಿಯಮ ಸಿನಿಮಾಕ್ಕೆ ಹೇಗೆ ಬಂತು?

ಮಗಳು: 2008ರಲ್ಲಿ ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಲೆನಾರ್ಟ್ಸ್, ಆಡಮ್ಸ್, ದ್ಯುತ್ರೆ ತಂದರು. ನೀರನ್ನೂ ವಸ್ತುವನ್ನೂ ಕಣಗಳ ರಾಶಿಯಾಗಿ ನೋಡುವ ಒಂದು ವಿಧಾನ ಮೊದಲೇ ಇತ್ತು. 1977ರಲ್ಲಿ ನಕ್ಷತ್ರಗಳ ಅಧ್ಯಯನಕ್ಕಾಗಿ ಹುಟ್ಟಿದ ವಿಧಾನ ಅದು. ಈ ಮೂವರು ವಸ್ತುವಿನ ಪ್ರತಿ ಕಣಕ್ಕೂ ಒಂದು ಖಾತೆ ತೆರೆದರು, ಅದು ಕುಡಿದ ನೀರಿನ ಖಾತೆ. ಹೊರಗಿನ ನೀರಿನ ಕಣ ಬಂದು ತಾಗಿದರೆ ಅದರ ಪಾಲು ಈ ಖಾತೆಗೆ ಜಮೆ. ಒಳಗೆ ಕಣದಿಂದ ಕಣಕ್ಕೆ ದಾರ್ಸಿಯ ನಿಯಮದಂತೆ ವರ್ಗಾವಣೆ. ಖಾತೆ ತುಂಬಿ ತುಳುಕಿದರೆ ನೀರಿನ ಕಣ ಹೊರಬಂದು ತೊಟ್ಟಿಕ್ಕುತ್ತೆ. ನೆಂದ ಭಾಗ ಭಾರವಾಗುತ್ತೆ, ಮೆತ್ತಗಾಗುತ್ತೆ.

ದೊಡ್ಡಪ್ಪ: ಜಮೆ ಖರ್ಚು ತಾಳೆಯಾಗಬೇಕು. ಸುರಿದ ನೀರಿಗಿಂತ ಸೀರೆಯಲ್ಲಿ ಹೆಚ್ಚು ಇರಬಾರದು.

ಮಗಳು: ಅದೇ ಮೊದಲ ಪರೀಕ್ಷೆ. ನೀರು ಸುಮ್ಮನೆ ಮಾಯವಾಗುವ ಪ್ರೋಗ್ರಾಮು ಚಂದದ ಚಿತ್ರ ಕೊಟ್ಟರೂ ಅದನ್ನು ನಂಬಬಾರದು. ನಮ್ಮ ದೇಶದಲ್ಲೂ ಈ ಕೆಲಸ ಆಗಿದೆ. ಮುಂಬೈ ಐಐಟಿಯ ಸಾಕೇತ್ ಪಾಟ್ಕರ್ ಮತ್ತು ಪರಾಗ್ ಚೌಧುರಿ ರಂಧ್ರವಿರುವ ಘನವಸ್ತು ನೆನೆಯುವ ಬಗೆಗೆ ಒಂದು ಮಾದರಿ ಕಟ್ಟಿ 2013ರಲ್ಲಿ ಪ್ರಕಟಿಸಿದರು.

ದೊಡ್ಡಪ್ಪ: ಇವೆಲ್ಲ ಸ್ಪಂಜು, ಇಟ್ಟಿಗೆ ಥರದ್ದಕ್ಕೆ ಸರಿ. ಅವುಗಳಲ್ಲಿ ನೀರು ಎಲ್ಲ ದಿಕ್ಕಿಗೂ ಒಂದೇ ಥರ ಹೋಗುತ್ತೆ. ನೇಯ್ದದ್ದು ಹಾಗಲ್ಲ. ನೂಲು ಹಿಡಿದು ಹೋಗೋದು ಸುಲಭ, ಒಂದು ನೂಲಿಂದ ಪಕ್ಕದ ನೂಲಿಗೆ ಹಾರೋದು ಕಷ್ಟ. ಎರಡೂ ಒತ್ತಿಕೊಂಡಿರೋ ಕಡೆ ಮಾತ್ರ ದಾಟುತ್ತೆ.

ಮಗಳು: ಇದನ್ನೇ ಜಪಾನಿನ ಯೂಕಿ ಮೊರಿಮೊಟೊ ಮತ್ತು ಸಂಗಡಿಗರು 2007ರಲ್ಲಿ ಹಿಡಿದರು. ಅವರ ವಿಷಯ ಬಟ್ಟೆಗೆ ಬಣ್ಣ ಹಾಕುವುದೇ. ಅದಕ್ಕೂ ಮುಂಚೆ ಕಾಗದದ ಮೇಲೆ ಕೆಲಸ ನಡೆದಿತ್ತು. 1997ರಲ್ಲಿ ಜಲವರ್ಣದ ಚಿತ್ರಕ್ಕೆ, 2005ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಚೀನೀ ಕುಂಚದ ಮಸಿ ಕಾಗದದಲ್ಲಿ ಹರಡುವುದಕ್ಕೆ. ಕಾಗದದ ನಾರಿಗೆ ಗೊತ್ತಾದ ದಿಕ್ಕಿಲ್ಲ. ಬಟ್ಟೆಗೆ ದಿಕ್ಕಿದೆ. ಆದ್ದರಿಂದ ಮೊರಿಮೊಟೊ ಹಾಸಿಗೆ ಒಂದು ಪದರ, ಹೊಕ್ಕಿಗೆ ಒಂದು ಪದರ ಇಟ್ಟರು. ಬಣ್ಣ ಪದರದೊಳಗೆ ನೂಲಿನ ದಿಕ್ಕಿಗೆ ಹರಡುತ್ತೆ, ಹಾಯುವ ಜಾಗದಲ್ಲಿ ಒಂದು ಪದರದಿಂದ ಇನ್ನೊಂದಕ್ಕೆ ಇಳಿಯುತ್ತೆ.

ದೊಡ್ಡಪ್ಪ: ಅವರು ಬಟ್ಟೆ ನೋಡಿ ಲೆಕ್ಕ ಬರೆದವರು. ಆದರೆ ನೀರು ಹೋದಷ್ಟು ದೂರ ಬಣ್ಣ ಹೋಗಲ್ಲ. ಅದನ್ನ ಬರೆದಿದ್ದಾರಾ?

ಮಗಳು: ಬರೆದಿದ್ದಾರೆ. ಹರಡುವುದು, ನಾರಿಗೆ ಅಂಟಿಕೊಳ್ಳುವುದು, ಎರಡಕ್ಕೂ ಬೇರೆ ಬೇರೆ ಲೆಕ್ಕ. ನಿಮ್ಮ ಕಡೆಯಿಂದ ಹೇಳಿ, ರೇಷ್ಮೆಯಲ್ಲಿ ಹೇಗೆ?

ದೊಡ್ಡಪ್ಪ: ಮೊದಲು ನೂಲನ್ನ ಸೋಪು, ಸೋಡಾ ಹಾಕಿ ಬೇಯಿಸಬೇಕು. ಹುಳ ಕಟ್ಟಿದ ಅಂಟು ಹೋಗಬೇಕು. ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅದರಲ್ಲೇ ಹೋಗುತ್ತೆ. ಅಂಟು ಪೂರಾ ಹೋಗದ ಕಡೆ ಬಣ್ಣ ಕಲೆಕಲೆಯಾಗುತ್ತೆ. ಆಮೇಲೆ ಒಣ ಲಡಿಯನ್ನ ನೇರವಾಗಿ ಬಣ್ಣಕ್ಕೆ ಇಳಿಸಬಾರದು. ಬರಿ ನೀರಲ್ಲಿ ಚೆನ್ನಾಗಿ ನೆನೆಸಿ, ಹಿಂಡಿ, ಒಳಗೆಲ್ಲ ಒಂದೇ ಸಮ ತೇವ ಇರೋ ಹಾಗೆ ಮಾಡಿ, ಆಮೇಲೆ ಇಳಿಸಬೇಕು. ಬಣ್ಣದ ನೀರಿಗೆ ಹುಳಿ ಹಾಕಿ, ಕಾವು ನಿಧಾನಕ್ಕೆ ಏರಿಸ್ತಾ, ಲಡಿ ತಿರುವುತಾ ಇರಬೇಕು. ಇದರಲ್ಲಿ ಯಾವುದನ್ನ ಬಿಟ್ಟರೂ ಬಣ್ಣ ಸಮ ಬರಲ್ಲ.

ಮಗಳು: ನೆನೆಸಿ ಇಳಿಸೋದು ಯಾಕೆ ಅಂತ ನಮ್ಮ ಲೆಕ್ಕ ಸ್ಪಷ್ಟವಾಗಿ ಹೇಳುತ್ತೆ. ಒಣ ನೂಲಿನ ಸಂದಿ ಬಣ್ಣದ ನೀರನ್ನು ಬಲವಾಗಿ ಎಳೆಯುತ್ತೆ. ಮೊದಲು ತಾಗಿದ ಕಡೆ ಬಣ್ಣ ಅಂಟಿಕೊಂಡುಬಿಡುತ್ತೆ, ಒಳಗೆ ಹೋಗುವ ನೀರು ಬಣ್ಣ ಕಳೆದುಕೊಂಡು ತೆಳುವಾಗುತ್ತೆ. ಸಂದಿ ಮೊದಲೇ ತುಂಬಿದ್ದರೆ ಆ ಎಳೆತ ಇರೋದಿಲ್ಲ. ಬಣ್ಣ ತನ್ನಷ್ಟಕ್ಕೆ ನೀರಿನೊಳಗೆ ಹರಡಿಕೊಂಡು ಸಮವಾಗಿ ಎಲ್ಲ ಕಡೆ ತಲುಪುತ್ತೆ. ಹುಳಿ ಹಾಕಿದಾಗ ರೇಷ್ಮೆಯ ನಾರಿನಲ್ಲಿ ಧನ ವಿದ್ಯುದಂಶ ಹೆಚ್ಚುತ್ತೆ, ಆಸಿಡ್ ಬಣ್ಣದ ಅಣುವಿನಲ್ಲಿ ಋಣ ಇರುತ್ತೆ, ಹಾಗಾಗಿ ಹಿಡಿದುಕೊಳ್ಳುತ್ತೆ. ಪ್ರೋಗ್ರಾಮಿನಲ್ಲಿ ಇದಕ್ಕೆ ಅರ್ಥ ಇಷ್ಟು: ಲೆಕ್ಕ ಶುರು ಮಾಡುವಾಗ ನೂಲಿನಲ್ಲಿ ಎಷ್ಟು ನೀರಿದೆ ಅನ್ನೋದನ್ನು ಬರೆಯದಿದ್ದರೆ ಮುಂದಿನದೆಲ್ಲ ತಪ್ಪು.

ದೊಡ್ಡಪ್ಪ: ಕಟ್ಟಿ ಬಣ್ಣ ಹಾಕೋದರಲ್ಲಿ ಇದು ಇನ್ನೂ ನಾಜೂಕು. ನಮ್ಮ ಕಡೆ ನೂಲನ್ನ ಅಲ್ಲಲ್ಲಿ ಬಿಗಿಯಾಗಿ ಕಟ್ಟಿ, ಬಣ್ಣಕ್ಕೆ ಹಾಕಿ, ಬಿಚ್ಚಿ ನೇಯ್ದು ಚಿತ್ರ ಮೂಡಿಸೋದು ಇತ್ತಲ್ಲ, ಇಕ್ಕತ್ ಅಂತಾರಲ್ಲ, ಅದು. ಕಟ್ಟು ಸ್ವಲ್ಪ ಸಡಿಲವಾದರೂ ಬಣ್ಣ ಒಳಕ್ಕೆ ನುಸುಳುತ್ತೆ.

ಮಗಳು: ಸ್ವಲ್ಪ ಸಡಿಲ ಅಂದಿರಲ್ಲ, ಆ ಸ್ವಲ್ಪದ ಬೆಲೆ ದೊಡ್ಡದು. ಒತ್ತಿದಾಗ ನೂಲಿನೊಳಗಿನ ಖಾಲಿ ಜಾಗ ಅರ್ಧಕ್ಕೆ ಇಳಿದರೆ ಹರಿವು ಅರ್ಧಕ್ಕೆ ನಿಲ್ಲಲ್ಲ, ಎಂಟರಲ್ಲಿ ಒಂದು ಪಾಲಿಗಿಂತಲೂ ಕೆಳಗೆ ಇಳಿಯುತ್ತೆ. ಮಣ್ಣು, ಮರಳಿಗೆ ಬಳಸುವ ಕೊಜೆನಿ ಮತ್ತು ಕಾರ್ಮನ್ ಅವರ ಸೂತ್ರದಿಂದ ಬರುವ ಉತ್ತರ ಇದು. ನೂಲಿಗೂ ಅಂದಾಜಿಗೆ ಸರಿಯೇ. ಬಿಗಿ ಕಟ್ಟು ಬಣ್ಣವನ್ನು ತಡೆಯೋದು ಹೀಗೆ, ಕೊಂಚ ಸಡಿಲಿಸಿದರೆ ದಾರಿ ಒಮ್ಮೆಲೇ ತೆರೆದುಕೊಳ್ಳೋದೂ ಹೀಗೆ. ಇಕ್ಕತ್ತಿನ ಅಂಚು ಮಬ್ಬುಮಬ್ಬಾಗಿ ಕಾಣೋದಕ್ಕೆ ಈ ನುಸುಳೂ ಒಂದು ಕಾರಣ. ನಮ್ಮ ಪರದೆ ಮೇಲೆ ಆ ಅಂಚನ್ನು ಚಿತ್ರ ಮಸುಕು ಮಾಡುವ ಸಾಧನದಿಂದ ತರ್ತಾರೆ. ಅದು ಎಲ್ಲ ಕಡೆಗೂ ಒಂದೇ ಸಮ ಮಸುಕು. ನಿಜವಾದದ್ದು ನೂಲಿನ ದಿಕ್ಕಿಗೆ ಮಾತ್ರ ಚಾಚಿಕೊಂಡಿರುತ್ತೆ.

ದೊಡ್ಡಪ್ಪ: ಇಲ್ಲೀವರೆಗೆ ನೀರು ಕುಡಿಯೋದರ ಮಾತಾಯ್ತು. ಕುಡಿಯೋಕೆ ಒಲ್ಲದ ಬಟ್ಟೆ ಪಕ್ಕದ ಚಳ್ಳಕೆರೆಯಲ್ಲೇ ಇದೆಯಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡ ಕುರಿಗಾಹಿ ಮಳೆಯಲ್ಲಿ ನಿಂತಿರ್ತಾನೆ, ಹನಿ ಮೇಲೇ ಉರುಳಿ ಬೀಳುತ್ತೆ. ಹೊತ್ತಾದ ಮೇಲೆ ಭಾರ ಆಗುತ್ತೆ, ಆದರೂ ಒಳಗಿನ ಮೈ ಬೆಚ್ಚಗಿರುತ್ತೆ.

ಮಗಳು: ಗ್ರಾಫಿಕ್ಸಿನವರಿಗೆ ಕಂಬಳಿಯಂಥ ಕಷ್ಟದ ಪರೀಕ್ಷೆ ಇನ್ನೊಂದಿಲ್ಲ. ಹನಿ ಒಂದು ಮೇಲ್ಮೈ ಮೇಲೆ ಕೂತಾಗ ಅದರ ಅಂಚು ಯಾವ ಕೋನದಲ್ಲಿ ತಾಗುತ್ತೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಕೋನ 90 ಡಿಗ್ರಿಗಿಂತ ಕಡಿಮೆಯಾದರೆ ಸಂದಿ ನೀರನ್ನು ಒಳಕ್ಕೆ ಎಳೆಯುತ್ತೆ. ಹೆಚ್ಚಾದರೆ ಅದೇ ಸೂತ್ರದಲ್ಲಿ ಚಿಹ್ನೆ ಬದಲಾಗಿ, ಸಂದಿ ನೀರನ್ನು ಹೊರಕ್ಕೆ ತಳ್ಳುತ್ತೆ. ಕುರಿ ತುಪ್ಪಟದ ನಾರಿನ ಹೊರಮೈಯಲ್ಲಿ ಸಹಜವಾದ ಜಿಡ್ಡಿನ ಪದರ ಇದೆ. ಆದ್ದರಿಂದ ಹನಿ ಒಳಕ್ಕೆ ಹೋಗೋದಿಲ್ಲ, ಜೋರು ಮಳೆ ಒತ್ತಿ ಒತ್ತಿ ಕಳಿಸಬೇಕು. ನಾರಿನ ಒಳಭಾಗ ಮಾತ್ರ ಇದಕ್ಕೆ ತದ್ವಿರುದ್ಧ, ಅದಕ್ಕೆ ನೀರು ಬಹಳ ಇಷ್ಟ. ಗಾಳಿಯ ತೇವವನ್ನು ತನ್ನ ತೂಕದ ಸುಮಾರು ಶೇಕಡ 30ರವರೆಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸಲ್ಲ. ಹೀರಿಕೊಳ್ಳುವಾಗ ಶಾಖ ಬಿಡುಗಡೆಯಾಗುತ್ತೆ, ಕುರಿಗಾಹಿಯ ಮೈ ಬೆಚ್ಚಗಿರೋದಕ್ಕೆ ಅದೂ ಒಂದು ಕಾರಣ.

ದೊಡ್ಡಪ್ಪ: ಕಂಬಳಿಗೆ ಹುಣಸೆ ಬೀಜದ ಗಂಜಿ ಬಳೀತಾರೆ, ಬಿರುಸು ಬರೋಕೆ. ಅದೂ ಸಂದಿ ಮುಚ್ಚುತ್ತೆ.

ಮಗಳು: ಅದನ್ನೂ ಸೇರಿಸಬೇಕು. ಹೊಸ ಕಂಬಳಿ, ಒಗೆದು ಗಂಜಿ ಹೋದ ಕಂಬಳಿ, ಎರಡೂ ಬೇರೆ ವಸ್ತು ಅಂತಲೇ ಬರೆಯಬೇಕಾಗುತ್ತೆ. ಈಗ ಯೋಚಿಸಿ. ಸಾಮಾನ್ಯ ಪ್ರೋಗ್ರಾಮಿನಲ್ಲಿ ಒದ್ದೆ ಅನ್ನೋದಕ್ಕೆ ಸೊನ್ನೆಯಿಂದ ಒಂದರವರೆಗೆ ಒಂದೇ ಸಂಖ್ಯೆ. ಆ ಒಂದು ಸಂಖ್ಯೆಯಲ್ಲಿ ಕಂಬಳಿ ಹಿಡಿಯೋದಿಲ್ಲ. ಮೇಲೆ ನಿಂತ ಹನಿ, ನೂಲಿನ ನಡುವಿನ ನೀರು, ನಾರಿನೊಳಗಿನ ತೇವ ಮೂರೂ ಬೇಕು. 2018ರಲ್ಲಿ ಕೊಲಂಬಿಯಾ ಮತ್ತು ವಾಟರ್‌ಲೂ ವಿಶ್ವವಿದ್ಯಾಲಯಗಳ ಫೇ, ಬ್ಯಾಟಿ, ಗ್ರಿನ್‌ಸ್ಪನ್, ಜೆಂಗ್ ನೇಯ್ದ ಮತ್ತು ಹೆಣೆದ ಬಟ್ಟೆಗಾಗಿ ಹೀಗೆ ಹಂತ ಹಂತದ ಮಾದರಿ ಕಟ್ಟಿದರು. ನೂಲಿನ ಗಾತ್ರದಲ್ಲಿ ಆಗುವುದನ್ನು ಬೇರೆಯಾಗಿ ನೋಡಿ, ಇಡೀ ಬಟ್ಟೆಯ ಮಟ್ಟಕ್ಕೆ ಏರಿಸಿದರು. ನೀರು ಬಟ್ಟೆಯನ್ನು ಎಳೆಯೋದು, ಬಟ್ಟೆ ನೀರನ್ನು ತಡೆಯೋದು, ತೊಟ್ಟಿಕ್ಕೋದು ಎಲ್ಲ ಅದರಲ್ಲಿದೆ.

ದೊಡ್ಡಪ್ಪ: ಮಣ್ಣಿಗೂ ಇದೇ ಲೆಕ್ಕ ತಾನೆ? ಚಳ್ಳಕೆರೆಯ ಶೇಂಗಾ ಬಿತ್ತೋ ಕೆಂಪು ಹೊಲಕ್ಕೆ ಮಳೆ ಬಿದ್ದರೆ ಬೇಗ ಇಳಿದು ಬೇಗ ಆರುತ್ತೆ. ಎರೆ ಹೊಲ ಹಾಗಲ್ಲ. ಒಣಗಿದಾಗ ಬಿರುಕು, ನೆಂದರೆ ಉಬ್ಬಿ ಮುಚ್ಚಿಕೊಳ್ಳುತ್ತೆ.

ಮಗಳು: ನಿಯಮ ಒಂದೇ, ವಸ್ತು ಬೇರೆ. ಮರಳಿನ ರಾಶಿಯಲ್ಲಿ ನೀರು ಬೆರೆಯುವ ಬಗೆಗೆ 2017ರಲ್ಲಿ ಒಳ್ಳೆಯ ಕೆಲಸ ಬಂತು. ಸ್ವಲ್ಪ ನೀರಿದ್ದರೆ ಮರಳು ಅಂಟಿಕೊಂಡು ನಿಲ್ಲುತ್ತೆ, ಪೂರ್ತಿ ತುಂಬಿದರೆ ಕುಸಿಯುತ್ತೆ. ಎರೆಮಣ್ಣು ಅದಕ್ಕಿಂತ ಕಷ್ಟ. ಅದರ ಜೇಡಿ ನೀರು ಕುಡಿದು ಊದಿಕೊಳ್ಳುತ್ತೆ, ಅಂದರೆ ನೀರು ಹೋಗುವ ದಾರಿಯನ್ನು ನೀರೇ ಬದಲಿಸುತ್ತಾ ಹೋಗುತ್ತೆ. ಬಿಗಿಯಾಗಿ ನೇಯ್ದ ಬಟ್ಟೆಯಲ್ಲೂ ನೂಲು ಊದಿದಾಗ ಅಷ್ಟಿಷ್ಟು ಹೀಗೇ ಆಗುತ್ತೆ. ಸೂತ್ರ ಬರೆದಿಟ್ಟರೆ ಕೆಲಸ ಮುಗಿಯಲ್ಲ ಅಂತ ನಾನು ಹೇಳೋದು ಇದಕ್ಕೇ. ದಾರ್ಸಿ, ವಾಶ್‌ಬರ್ನ್ ಎಲ್ಲರಿಗೂ ಸಿಕ್ಕವರು. ನೀರು ಎಲ್ಲ ಕಡೆಗೂ ಒಂದೇ. ಬೇರೆಯಾಗೋದು ಆ ವಸ್ತುವಿನೊಳಗಿನ ಖಾಲಿ ಜಾಗ.

ದೊಡ್ಡಪ್ಪ: ಆ ಖಾಲಿ ಜಾಗದ ಸಂಖ್ಯೆ ಎಲ್ಲಿಂದ ತರ್ತೀರಿ?

ಮಗಳು: ಹೆಚ್ಚಿನ ಸಲ ಕಣ್ಣಳತೆಯಿಂದ. ಪರದೆ ಮೇಲೆ ಚೆನ್ನಾಗಿ ಕಾಣುವವರೆಗೂ ಸಂಖ್ಯೆ ತಿದ್ದುತ್ತಾ ಹೋಗ್ತೀವಿ. ಪಟ್ಟಿಯಲ್ಲಿ ರೇಷ್ಮೆ ಅಂತ ಒಂದು ಹೆಸರಿರುತ್ತೆ, ಹತ್ತಿ ಅಂತ ಒಂದು, ಉಣ್ಣೆ ಅಂತ ಒಂದು. ಯಾವ ಹುರಿ, ಎಷ್ಟು ಬೇಯಿಸಿದ್ದು, ಅಂಗುಲಕ್ಕೆ ಎಷ್ಟು ನೂಲು, ಯಾವ ಮಗ್ಗ ಅನ್ನೋದು ಇರಲ್ಲ.

ದೊಡ್ಡಪ್ಪ: ಹಾಗಾದರೆ ಕಂಚಿ ಸೀರೆಗೂ ಮೊಳಕಾಲ್ಮೂರು ಸೀರೆಗೂ ನಿಮ್ಮ ಪಟ್ಟಿಯಲ್ಲಿ ವ್ಯತ್ಯಾಸವೇ ಇಲ್ಲ.

ಮಗಳು: ಚಿತ್ತಾರದಲ್ಲಿ ವ್ಯತ್ಯಾಸ ಕಾಣಿಸ್ತೀವಿ, ಬಟ್ಟೆಯ ಗುಣದಲ್ಲಿ ಇಲ್ಲ.

ದೊಡ್ಡಪ್ಪ: ನಮ್ಮ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಅಂಚು ಬೇರೆ, ಒಡಲು ಬೇರೆ ಬಣ್ಣ ಇಟ್ಟು ಕುಣಿ ಮಗ್ಗದಲ್ಲಿ ಮೂರು ಲಾಳಿ ಆಡಿಸಿ ನೇಯೋದು ಹುಡುಗಾಟದ ಕೆಲಸ ಅಲ್ಲ. ಕೊಳ್ಳೋರು ಮೊದಲು ನೋಡೋದು ಪರದೆ ಮೇಲೆ. ಅಲ್ಲಿ ಅದು ಪಾಲಿಯೆಸ್ಟರ್ ಥರ ನಡೆದುಕೊಂಡರೆ ಕಣ್ಣು ಅದಕ್ಕೇ ಒಗ್ಗಿ ಹೋಗುತ್ತೆ. ನಾಳೆ ನಿಜವಾದ ರೇಷ್ಮೆ ಕೈಗೆ ಬಂದಾಗ ಇದೇನೋ ಸರಿಯಿಲ್ಲ ಅಂತಾರೆ.

ಮಗಳು: ನನ್ನ ಚಿಂತೆಯೂ ಅದೇ. ಅದಕ್ಕೆ ಪರಿಹಾರ ಅಳತೆ. ದೊಡ್ಡ ಯಂತ್ರವೇನೂ ಬೇಡ. ಮಗ್ಗದಲ್ಲಿ ಉಳಿದ ತುಂಡನ್ನು ಹಾಸಿನ ದಿಕ್ಕಿಗೆ ಒಂದು ಪಟ್ಟಿ, ಹೊಕ್ಕಿನ ದಿಕ್ಕಿಗೆ ಒಂದು ಪಟ್ಟಿ ಕತ್ತರಿಸಿ ನೇತುಹಾಕೋದು. ತುದಿ ಬಣ್ಣದ ನೀರಿಗೆ ತಾಗಿರಬೇಕು, ಪಕ್ಕದಲ್ಲಿ ಅಳತೆಪಟ್ಟಿ. ನಿಮಿಷ ನಿಮಿಷಕ್ಕೂ ಎಲ್ಲಿಗೆ ಏರಿತು ಅಂತ ಬರೆಯೋದು. ಒಣಗಿದಾಗಿನ ತೂಕ, ಪೂರ್ತಿ ನೆಂದಾಗಿನ ತೂಕ ನೋಡಿಕೊಂಡರೆ ಎಷ್ಟು ನೀರು ಹಿಡಿಯುತ್ತೆ ಗೊತ್ತಾಗುತ್ತೆ. ಜವಳಿ ಪ್ರಯೋಗಾಲಯಗಳಲ್ಲಿ ಮಾಡೋದೂ ಇದೇ ಪರೀಕ್ಷೆ. ಏರಿದ ಎತ್ತರದ ವರ್ಗವನ್ನು ಸಮಯದ ಎದುರು ಬರೆದರೆ ಶುರುವಿನಲ್ಲಿ ನೇರ ಗೆರೆ ಬರಬೇಕು. ಆ ಗೆರೆಯ ಓರೆಯಿಂದ ನನಗೆ ಬೇಕಾದ ಸಂಖ್ಯೆ ಸಿಗುತ್ತೆ.

ದೊಡ್ಡಪ್ಪ: ಇದನ್ನ ಶಾಲೆ ಮಕ್ಕಳೂ ಮಾಡಬಹುದಲ್ಲ.

ಮಗಳು: ಮಾಡಬೇಕು. ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ ಇದೆ. ಪ್ರಯೋಗ ಮಾಡಿ ಕಲಿಸೋದು ಹೇಗೆ ಅಂತ ವಿಜ್ಞಾನದ ಮೇಷ್ಟ್ರುಗಳಿಗೆ ಅಲ್ಲಿ ತರಬೇತಿ ನಡೆಯುತ್ತೆ. ಸಣ್ಣ ಸಂದಿ ನೀರನ್ನು ಎಳೆಯುವ ಈ ಕೇಶಾಕರ್ಷಣೆಯ ಪಾಠಕ್ಕೆ ಗಾಜಿನ ಕೊಳವೆಯ ಜೊತೆಗೆ ರೇಷ್ಮೆ ಪಟ್ಟಿ, ಕಂಬಳಿ ಪಟ್ಟಿ, ಎರೆಮಣ್ಣು, ಕೆಂಪುಮಣ್ಣು ಇಟ್ಟರೆ ಈ ಸೀಮೆಯ ಮಕ್ಕಳಿಗೆ ತಮ್ಮ ಮನೆಯ ವಸ್ತುವೇ ಪಾಠವಾಗುತ್ತೆ. ಅಳತೆ ಸಿಕ್ಕರೆ ಅದು ಜಗತ್ತಿನ ಯಾವ ಗ್ರಾಫಿಕ್ಸಿನವರಿಗೂ ಬೇಕಾಗುತ್ತೆ.

ದೊಡ್ಡಪ್ಪ: ನಮಗೇನು ಲಾಭ? ಬಣ್ಣ ಹಾಕೋಕೆ ಮುಂಚೆ ಹೇಗೆ ಬರುತ್ತೆ ಅಂತ ಪರದೆ ಮೇಲೆ ನೋಡಬಹುದಾ? ಒಂದು ಲಡಿ ಕೆಟ್ಟರೆ ನೂಲು, ಬಣ್ಣ, ನೀರು, ಸೌದೆ ಎಲ್ಲ ಹೋಗುತ್ತೆ.

ಮಗಳು: ಇಲ್ಲಿ ನಿಮಗೆ ಪೂರ್ತಿ ಭರವಸೆ ಕೊಡೋದು ತಪ್ಪಾಗುತ್ತೆ. ಗ್ರಾಫಿಕ್ಸಿನ ಲೆಕ್ಕದ ಗುರಿ ಕಣ್ಣಿಗೆ ಒಪ್ಪುವಂತೆ ಕಾಣಿಸೋದು. ಜವಳಿ ಎಂಜಿನಿಯರ್ ಲೆಕ್ಕದ ಗುರಿ ನಾಳೆ ಪಾತ್ರೆಯಲ್ಲಿ ಆಗೋದನ್ನು ಇಂದೇ ಹೇಳೋದು. ಮೊದಲನೆಯದರಲ್ಲಿ ಸಂಖ್ಯೆ ತಿದ್ದಿ ಚಂದ ಮಾಡಬಹುದು, ಎರಡನೆಯದರಲ್ಲಿ ತಿದ್ದುವ ಹಾಗಿಲ್ಲ. ಇಕ್ಕತ್ತಿನ ಅಂಚು ಎಷ್ಟು ಹರಡುತ್ತೆ, ಎರಡು ಬಣ್ಣ ಪಕ್ಕಪಕ್ಕ ಬಂದಾಗ ಹೇಗೆ ಕಾಣುತ್ತೆ ಅನ್ನುವಷ್ಟನ್ನು ಅಳತೆ ಇದ್ದರೆ ತೋರಿಸಬಹುದು. ಕಾವು, ಹುಳಿ, ಬಣ್ಣದ ಅಂಗಡಿಯ ಪುಡಿ ಇವುಗಳಿಂದ ಆಗುವುದಕ್ಕೆ ನಿಮ್ಮ ಎರಡೆಳೆ ಒಣಗಿಸಿ ನೋಡುವ ಪರೀಕ್ಷೆಯೇ ಗಟ್ಟಿ.

ದೊಡ್ಡಪ್ಪ: ಅಷ್ಟು ನೇರವಾಗಿ ಹೇಳಿದರೆ ಸಾಕು, ನಾನು ಜೊತೆಗಿರ್ತೀನಿ. ಹಾಗಾದರೆ ಪರೀಕ್ಷೆ ನಾನು ಹೇಳ್ತೀನಿ. ಮೂರು ಪಟ್ಟಿ ತಗೋ. ಅಂಟು ತೆಗೆಯದ ಕಚ್ಚಾ ರೇಷ್ಮೆದು ಒಂದು, ಬೇಯಿಸಿದ ರೇಷ್ಮೆದು ಒಂದು, ಚಳ್ಳಕೆರೆ ಕಂಬಳಿದು ಒಂದು. ಒಂದೇ ಪಾತ್ರೆಯ ನೀರಿಗೆ ಮೂರನ್ನೂ ಇಳಿಬಿಡೋಣ. ನಾನು ಗುರುತು ಹಾಕ್ತೀನಿ. ನಿನ್ನ ಪ್ರೋಗ್ರಾಮು ಅದೇ ಮೂರನ್ನ ಪರದೆ ಮೇಲೆ ಮಾಡಲಿ. ಮೂರೂ ಒಂದೇ ಥರ ಏರಿದರೆ ಅದು ಇನ್ನೂ ಬಟ್ಟೆ ನೋಡಿಲ್ಲ ಅಂತ ಅರ್ಥ.

ಮಗಳು: ಒಪ್ಪಿದೆ. ನಾನೂ ಒಂದು ಷರತ್ತು ಹಾಕಿಕೊಳ್ತೀನಿ. ಅಳತೆಯಿಂದ ಬಂದ ಸಂಖ್ಯೆಯನ್ನು ಚಿತ್ರ ಚೆನ್ನಾಗಿ ಕಾಣಲಿ ಅಂತ ತಿದ್ದೋದಿಲ್ಲ. ಚಿತ್ರ ತಪ್ಪಾಗಿ ಬಂದರೆ ಮಾದರಿಯಲ್ಲಿ ಏನೋ ಬಿಟ್ಟುಹೋಗಿದೆ ಅಂತ ಹುಡುಕ್ತೀನಿ. ಹಾಸಿನ ಪಟ್ಟಿ ನೋಡಿ ಸಂಖ್ಯೆ ತೆಗೆದು, ಹೊಕ್ಕಿನ ಪಟ್ಟಿಯಲ್ಲಿ ಏನಾಗುತ್ತೆ ಅಂತ ಮೊದಲೇ ಬರೆದಿಡ್ತೀನಿ. ಆಮೇಲೆ ನೀವು ಹೊಕ್ಕಿನ ಪಟ್ಟಿ ಇಳಿಬಿಡಿ.

ದೊಡ್ಡಪ್ಪ: ಬರೆದದ್ದು ಗುರುತಿಗೆ ಕೂತರೆ?

ಮಗಳು: ಕೂತರೆ ಪಟ್ಟಿಯಲ್ಲಿ ರೇಷ್ಮೆ ಅನ್ನೋದರ ಕೆಳಗೆ ಮೊಳಕಾಲ್ಮೂರು ಅಂತ ಬೇರೆ ಸಾಲು ಬರೆಯೋ ಹಕ್ಕು ನಮಗೆ ಬರುತ್ತೆ. ಅದರ ಮುಂದೆ ಹುರಿ, ಹಾಸು, ಹೊಕ್ಕು, ಅಂಟು ತೆಗೆದದ್ದು ಎಷ್ಟು ಎಲ್ಲ ಇರುತ್ತೆ. ಅಂಥ ಮಳೆ ದೃಶ್ಯವನ್ನು ಮಾಡುವ ಮುಂದಿನವರು ಕಣ್ಣಳತೆಗೆ ಹೋಗಬೇಕಾಗಿಲ್ಲ.